ಠರಾವಿನಿಂದ ಕೊಡ ತುಂಬುವುದಿಲ್ಲ

ನಮ್ಮ ಪಾಲಿಕೆ, ಪುರಸಭೆಗಳಲ್ಲಿ ಎಂದೂ ತಪ್ಪದೆ ನಡೆಯುವ ಕೆಲಸವೆಂದರೆ ಠರಾವು ಪಾಸು ಮಾಡುವುದು. ಬೇಸಿಗೆ ಬಂತೆಂದರೆ ನೀರಿನ ಬಗ್ಗೆ ಒಂದು ವಿಶೇಷ ಸಭೆ. ಇಬ್ಬರು ಸದಸ್ಯರು ಖಾಲಿ ಕೊಡ ತಂದು ಮೇಜಿನ ಮೇಲಿಡುತ್ತಾರೆ, ಪತ್ರಿಕೆಯವರು ಫೋಟೋ ತೆಗೆಯುತ್ತಾರೆ. ಆಡಳಿತ ಪಕ್ಷ, ವಿರೋಧ ಪಕ್ಷ ಎನ್ನದೆ ಎಲ್ಲರೂ ಕೂಗಾಡಿ, ಕೊನೆಗೆ ‘ಸರಕಾರವನ್ನು ಒತ್ತಾಯಿಸಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು’ ಎಂದು ಬರೆಸಿ, ಚಹಾ ಕುಡಿದು ಏಳುತ್ತಾರೆ. ಬೇರೆ ಯಾವುದರಲ್ಲೂ ಒಂದಾಗದವರು ಇದರಲ್ಲಿ ಮಾತ್ರ ಒಂದಾಗುವುದಕ್ಕೆ ಕಾರಣವಿದೆ. ಒತ್ತಾಯ ಮಾಡಲು ದುಡ್ಡು ಬೇಕಾಗಿಲ್ಲ. ಒತ್ತಾಯ ಮಾಡಿದವನನ್ನು ನಾಳೆ ಯಾರೂ ಲೆಕ್ಕ ಕೇಳುವುದೂ ಇಲ್ಲ.

ಠರಾವಿನ ಪ್ರತಿ ಬೆಂಗಳೂರಿಗೆ ಹೋಗುತ್ತದೆ. ಅಲ್ಲಿ ಅದಕ್ಕೊಂದು ಫೈಲು ನಂಬರು ಬೀಳುತ್ತದೆ. ಅಷ್ಟರಲ್ಲಿ ಮಳೆಗಾಲ ಬರುತ್ತದೆ. ಮಳೆ ಬಿದ್ದ ಮೇಲೂ ನೀರಿನ ಮಾತಾಡುವವನನ್ನು ಜನ ಹುಚ್ಚನೆಂದು ತಿಳಿಯುತ್ತಾರೆ. ಇಂಥ ಠರಾವುಗಳನ್ನು ಪತ್ರಿಕೆಗಳಲ್ಲಿ ಓದುತ್ತ ಓದುತ್ತ ನನ್ನ ಕೂದಲು ಬೆಳ್ಳಗಾಗಿದೆ. ಆದ್ದರಿಂದ ಆ ಹುಚ್ಚನ ಪಾತ್ರವನ್ನು ನಾನೇ ವಹಿಸಿಕೊಂಡು ನಾಲ್ಕು ಮಾತು ಹೇಳುತ್ತೇನೆ.

ನನ್ನ ತಕರಾರು ಇಷ್ಟು. ನೀರಿಲ್ಲವೆಂದರೆ ಬೈಗುಳ ತಿನ್ನುವುದು ಊರಿನ ಸಭೆ; ನೀರಿನ ಬಗ್ಗೆ ತೀರ್ಮಾನ ಮಾಡುವುದು ರಾಜ್ಯದ ರಾಜಧಾನಿ. ಊರಿನ ಕೈಯಲ್ಲಿ ಉಳಿದಿರುವುದು ಪರವಾನಗಿ ಕೊಡುವ ಚಿಲ್ಲರೆ ಅಧಿಕಾರ. ಆ ಚಿಲ್ಲರೆಯನ್ನು ಊರಿನವರು ತಮಗಿಂತ ಸಣ್ಣವರ ಮೇಲೆ ಖರ್ಚು ಮಾಡುತ್ತಾರೆ. ಈ ಏರ್ಪಾಟಿನಿಂದ ಎರಡೂ ಕಡೆಯವರಿಗೆ ಅನುಕೂಲವಾಗಿದೆ. ಅನನುಕೂಲವಾದದ್ದು ಕೊಡ ಹಿಡಿದು ನಿಂತವರಿಗೆ ಮಾತ್ರ.

ಇದು ಮೊದಲಿನಿಂದ ಹೀಗಿರಲಿಲ್ಲ. ಹುಬ್ಬಳ್ಳಿಯಲ್ಲಿ ಮುನಿಸಿಪಾಲ್ಟಿ ಬಂದದ್ದು 1855ರಲ್ಲಿ, ಧಾರವಾಡದಲ್ಲಿ 1856ರಲ್ಲಿ. ಆಗಿನ 1850ರ ಕಾಯಿದೆಯ ಉದ್ದೇಶ ಸರಳವಾಗಿತ್ತು: ಊರಿನ ಜನ ಬಯಸಿದರೆ ತಮ್ಮ ಊರನ್ನು ತಾವೇ ಚೊಕ್ಕಟ ಮಾಡಿಕೊಳ್ಳಲಿ ಎಂಬುದು. ಹುಬ್ಬಳ್ಳಿಗೆ ಉಣಕಲ್ ಕೆರೆ, ಧಾರವಾಡಕ್ಕೆ ಕೆಲಗೇರಿ ಕೆರೆ. ನೀರು ಕಣ್ಣಳತೆಯಲ್ಲಿತ್ತು, ಅದನ್ನು ನೋಡಿಕೊಳ್ಳುವವರು ಕೂಗಳತೆಯಲ್ಲಿದ್ದರು. ಅದು ಸುವರ್ಣಯುಗವೆಂದು ನಾನು ಹೇಳುವುದಿಲ್ಲ. ಆಗ ಮತ ಹಾಕುವ ಹಕ್ಕಿದ್ದವರು ಆಸ್ತಿವಂತರು, ಮತ್ತು ನಳ ಹೋದದ್ದು ಮೊದಲು ಅವರ ಓಣಿಗೇ. ಆದರೂ ನೀರು ಬಾರದಿದ್ದರೆ ಯಾರ ಮನೆಯ ಕಟ್ಟೆಗೆ ಹೋಗಿ ಕೂಡಬೇಕು ಎಂಬುದು ಊರಿಗೆ ಗೊತ್ತಿತ್ತು.

ಊರು ಬೆಳೆದಂತೆ ನೀರು ದೂರವಾಯಿತು. ಮೊದಲು ನೀರಸಾಗರ ಬಂತು. ಅದೂ ಸಾಲದೆ ಮಲಪ್ರಭೆಗೆ ಕೈಚಾಚಬೇಕಾಯಿತು. ಇಂದು ಸವದತ್ತಿಯ ಬಳಿಯ ನವಿಲುತೀರ್ಥದ ಅಣೆಕಟ್ಟಿನಿಂದ ಎತ್ತಿದ ನೀರು ಅಮ್ಮಿನಭಾವಿಯಲ್ಲಿ ಶುದ್ಧವಾಗಿ ಅವಳಿ ನಗರಕ್ಕೆ ಬರುತ್ತದೆ. ಅಣೆಕಟ್ಟು ಬೇರೆ ಜಿಲ್ಲೆಯಲ್ಲಿದೆ. ಅದರ ನೀರಿಗೆ ರೈತರ ಹಕ್ಕೂ ಇದೆ. ಇಂಥ ಕೆಲಸವನ್ನು ಒಂದು ಪಾಲಿಕೆ ತಾನೊಂದೇ ಮಾಡಲಾರದು, ರಾಜ್ಯ ನಡುವೆ ಬರಲೇಬೇಕು. ಬೆಂಗಳೂರಿಗೆ 1964ರ ಕಾಯಿದೆಯಿಂದ ಜಲಮಂಡಳಿ ಆದದ್ದೂ, ಉಳಿದ ಊರುಗಳಿಗೆ 1973ರ ಕಾಯಿದೆಯಿಂದ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಆದದ್ದೂ ಇಂಥ ಕಾರಣಕ್ಕೇ. ದೊಡ್ಡ ಕೊಳವೆ ಹಾಕಲು, ದೊಡ್ಡ ಪಂಪು ಕೂಡಿಸಲು ಎಂಜಿನಿಯರುಗಳ ಒಂದು ಪಡೆ ಬೇಕು. ಇದರ ಬಗ್ಗೆ ನನ್ನ ತಕರಾರಿಲ್ಲ.

ತಕರಾರು ಇರುವುದು ಊರ ಹೆಬ್ಬಾಗಿಲಿನಿಂದ ಈಚೆಗೆ. ರಾಜ್ಯ ಸರಕಾರ 2003ರಲ್ಲಿ ನಗರಗಳ ಕುಡಿಯುವ ನೀರಿನ ಬಗ್ಗೆ ಒಂದು ನೀತಿಯನ್ನೇ ಹೊರಡಿಸಿತು. ದೂರದಿಂದ ನೀರು ತಂದು ಊರಿಗೆ ಮುಟ್ಟಿಸುವುದು ರಾಜ್ಯದ ಕೆಲಸ, ಊರೊಳಗೆ ಹಂಚುವುದು ಊರಿನ ಸಂಸ್ಥೆಯ ಕೆಲಸ ಎಂಬುದು ಅದರ ಸಾರ. ಚೆನ್ನಾಗಿದೆ. ಆದರೆ ಹೆಚ್ಚು ಕಡಿಮೆ ಅದೇ ಹೊತ್ತಿಗೆ ಹುಬ್ಬಳ್ಳಿ-ಧಾರವಾಡದಲ್ಲಿ ಊರೊಳಗಿನ ಹಂಚಿಕೆಯೂ ಪಾಲಿಕೆಯ ಕೈಯಿಂದ ಮಂಡಳಿಯ ಕೈಗೆ ಹೋಯಿತು. ಮುಂದೆ ಕೆಲವು ವಾರ್ಡುಗಳು ಖಾಸಗಿ ಕಂಪನಿಯ ಕೈಗೆ ಹೋದವು. ನೀತಿ ಹೇಳಿದ್ದು ಒಂದು, ನಡೆದದ್ದು ಇನ್ನೊಂದು. ನೀತಿಯನ್ನು ಬರೆದವರೂ ಅದನ್ನು ಬದಿಗಿಟ್ಟವರೂ ಒಂದೇ ಸರಕಾರದವರು.

ಇದಕ್ಕೆ ಸಂವಿಧಾನದ ಅಡ್ಡಿ ಇಲ್ಲವೇ ಎಂದು ನೀವು ಕೇಳಬಹುದು. 1992ರಲ್ಲಿ ಅಂಗೀಕಾರವಾಗಿ 1993ರ ಜೂನ್ 1ರಿಂದ ಜಾರಿಗೆ ಬಂದ 74ನೆಯ ತಿದ್ದುಪಡಿಯ ಹೆಸರು ಹೇಳಿ ಭಾಷಣ ಮಾಡದ ಮಂತ್ರಿ ನಮ್ಮಲ್ಲಿಲ್ಲ. ಆ ತಿದ್ದುಪಡಿ ಸಂವಿಧಾನಕ್ಕೆ 12ನೆಯ ಅನುಸೂಚಿಯನ್ನು ಸೇರಿಸಿತು. ಅದರಲ್ಲಿ ನಗರ ಸಂಸ್ಥೆಗಳಿಗೆ ಒಪ್ಪಿಸಬೇಕಾದ 18 ವಿಷಯಗಳಿವೆ, 5ನೆಯದು ನೀರು ಸರಬರಾಜು. ಮನೆಗೆ, ಉದ್ದಿಮೆಗೆ, ವ್ಯಾಪಾರಕ್ಕೆ ಎಂದು ಬಿಡಿಸಿ ಬಿಡಿಸಿ ಹೇಳಿದೆ. ಆದರೆ ಆ ಅಧಿಕಾರ ಕೊಡುವ 243-ಡಬ್ಲ್ಯು ವಿಧಿಯನ್ನು ಓದಿ ನೋಡಿ. ರಾಜ್ಯದ ಶಾಸನಸಭೆ ಈ ಅಧಿಕಾರವನ್ನು ಕಾನೂನಿನ ಮೂಲಕ ಕೊಡಬಹುದು ಎಂದಿದೆ, ಕೊಡಬೇಕು ಎಂದಿಲ್ಲ. ಒಂದು ‘ಬಹುದು’ ಎಂಬ ಪದದ ನೆರಳಲ್ಲಿ ನಮ್ಮ ರಾಜ್ಯ ಮೂವತ್ತಕ್ಕೂ ಹೆಚ್ಚು ವರ್ಷ ಹಾಯಾಗಿ ಕುಳಿತಿದೆ. ಮಗ ಬೆಳೆದಿದ್ದಾನೆ, ಮೀಸೆ ಬಂದಿದೆ, ಮದುವೆಯೂ ಆಗಿದೆ. ಅಪ್ಪ ಮಾತ್ರ ತಿಜೋರಿಯ ಕೀಲಿಯನ್ನು ಇನ್ನೂ ಉಡಿದಾರಕ್ಕೆ ಕಟ್ಟಿಕೊಂಡಿದ್ದಾನೆ. ಮನೆಗೆ ಬಂದ ಸಾಲಗಾರರಿಗೆ ಉತ್ತರ ಹೇಳಲು ಮಾತ್ರ ಮಗನನ್ನು ಮುಂದೆ ದೂಡುತ್ತಾನೆ.

ಹೀಗೆ ದೊಡ್ಡ ಅಧಿಕಾರ ಮೇಲಕ್ಕೆ ಹೋದ ಮೇಲೆ ಕೆಳಗೆ ಉಳಿದದ್ದೇನು? ಪರವಾನಗಿ. ಅದು ಹೇಗೆ ನಡೆಯುತ್ತದೆ ಎಂಬುದಕ್ಕೆ ನಾನು ಕಂಡ ಒಂದು ಸಂಗತಿ ಹೇಳುತ್ತೇನೆ. ನಮ್ಮ ಕಡೆಯ ಒಂದು ಊರು, ಹೆಸರು ಬೇಡ. ಅಲ್ಲಿ ಗಂಡ ತೀರಿಕೊಂಡ ಒಬ್ಬ ಹೆಣ್ಣುಮಗಳು ಖಾನಾವಳಿ ನಡೆಸುತ್ತಾಳೆ. ಜೋಳದ ರೊಟ್ಟಿ, ಎರಡು ಪಲ್ಯ, ಅನ್ನ, ಸಾರು. ಪರವಾನಗಿ ನವೀಕರಣಕ್ಕೆ ಅರ್ಜಿ ಬರೆದುಕೊಡಲು ನನ್ನನ್ನು ಜೊತೆಗೆ ಕರೆದುಕೊಂಡು ಹೋಗಿದ್ದಳು. ಗ್ರಾಹಕರಿಗೆ ಶುದ್ಧ ಕುಡಿಯುವ ನೀರಿನ ವ್ಯವಸ್ಥೆ ಇದೆ ಎಂಬುದಕ್ಕೆ ಕಾಗದ ತರಬೇಕೆಂದು ಅಲ್ಲಿಯ ಗುಮಾಸ್ತರು ಹೇಳಿದರು.

“ನೋಡ್ರಿ ಸಾಹೇಬ್ರ, ನಮ್ಮ ಓಣ್ಯಾಗ ನಳ ಬಂದು ಎಂಟು ದಿನ ಆತು. ಮೊದಲ ನೀರು ಬರಲಿ. ಆಮ್ಯಾಲೆ ಅದು ಶುದ್ಧ ಐತೋ ಇಲ್ಲೋ ನೋಡೋಣಂತ” ಎಂದಳು ಆಕೆ.

“ನಳದ್ದು ನಮಗ ಸಂಬಂಧ ಇಲ್ಲವಾ ಯಕ್ಕಾ. ಅದು ಬ್ಯಾರೇ ಕಚೇರಿ. ನಮ್ಮದು ಲೈಸೆನ್ಸ್ ಅಷ್ಟ.”

“ಹಂಗಾರ ನಾ ನೀರು ತರಸೂದು ಟ್ಯಾಂಕರಿನವನ ಕಡೆ. ಅವಗ ಲೈಸೆನ್ಸ್ ಯಾರು ಕೊಟ್ಟಾರು?”

ಗುಮಾಸ್ತರು ನಕ್ಕರು. ಕೆಟ್ಟವರೇನಲ್ಲ. ಅವರಿಗೂ ಆ ಉತ್ತರ ಗೊತ್ತಿರಲಿಲ್ಲ. ಆಕೆ ಎಲ್ಲಿಂದಲೋ ಒಂದು ಕಾಗದ ತಂದು ಕೊಟ್ಟಳು, ಪರವಾನಗಿ ಬಂತು, ನಳ ಬರಲಿಲ್ಲ.

ಆ ಹೆಣ್ಣುಮಗಳು ಕೇಳಿದ್ದು ಸಣ್ಣ ಪ್ರಶ್ನೆಯಲ್ಲ. ಶುದ್ಧ ನೀರು ಕೊಡಬೇಕಾದವರ ಬಳಿ ಯಾರೂ ಪ್ರಮಾಣಪತ್ರ ಕೇಳುವುದಿಲ್ಲ. ರೊಟ್ಟಿ ಬಡಿಯುವವಳ ಬಳಿ ಕೇಳುತ್ತಾರೆ. 1976ರ ಮಹಾನಗರಪಾಲಿಕೆ ಕಾಯಿದೆಯಲ್ಲಿ ಪರವಾನಗಿ ಬೇಕಾದ ಕಸುಬುಗಳ ಒಂದು ಉದ್ದನೆಯ ಪಟ್ಟಿಯೇ ಇದೆ. ಜನರ ಆರೋಗ್ಯಕ್ಕೆ, ಪ್ರಾಣಕ್ಕೆ ಅಪಾಯವಾಗದಿರಲಿ ಎಂಬುದು ಅದರ ಹಿಂದಿನ ಒಳ್ಳೆಯ ಉದ್ದೇಶ. ಆ ಉದ್ದೇಶ ನೀರಿನ ಹತ್ತಿರ ಬಂದಾಗ ಎಲ್ಲಿ ಹೋಗುತ್ತದೆ?

ಇನ್ನೂ ಸ್ವಲ್ಪ ಮುಂದೆ ಹೋಗಿ ನೋಡಿ. ಚಹಾ ಅಂಗಡಿಗೆ ಪರವಾನಗಿ ಕೊಡುವುದು ಊರಿನ ಸಂಸ್ಥೆ. ಅದರ ಪಕ್ಕದ ಬಾರಿಗೆ ಸನ್ನದು ಕೊಡುವುದು ರಾಜ್ಯದ ಅಬಕಾರಿ ಇಲಾಖೆ. ಬೇಡವೆಂದು ಊರಿನ ಸಭೆ ಸರ್ವಾನುಮತದ ಠರಾವು ಮಾಡಿದರೂ ಅದು ಇಲಾಖೆಯನ್ನು ಕಟ್ಟಿಹಾಕುವುದಿಲ್ಲ. 2023-24ರಲ್ಲಿ ಅಬಕಾರಿಯಿಂದ ರಾಜ್ಯದ ಬೊಕ್ಕಸಕ್ಕೆ ಬಂದದ್ದು 30,000 ಕೋಟಿ ರೂಪಾಯಿಗೂ ಹೆಚ್ಚು. ಕೊಳವೆಬಾವಿಗೆ ಅನುಮತಿಯ ಮಾತು ಬಂದರೆ 2011ರ ಅಂತರ್ಜಲ ಕಾಯಿದೆ ಮತ್ತು ರಾಜ್ಯಮಟ್ಟದ ಪ್ರಾಧಿಕಾರ. ಸೀಸೆಯಲ್ಲಿ ನೀರು ತುಂಬಿ ಮಾರುವವನಿಗೆ ಕೇಂದ್ರದ ಆಹಾರ ಸುರಕ್ಷತಾ ಕಾಯಿದೆ. ದುಡ್ಡು ಹುಟ್ಟುವ ಪರವಾನಗಿ ಮೇಲೆ, ಜಗಳ ಹುಟ್ಟುವ ಪರವಾನಗಿ ಕೆಳಗೆ. ಈ ಪಾಲುಪಟ್ಟಿ ಮಾಡಿದವರು ಯಾರೇ ಇರಲಿ, ಲೆಕ್ಕದಲ್ಲಿ ಬಹಳ ಜಾಣರು.

ಇದರ ಫಲವನ್ನು 2024ರ ಬೇಸಿಗೆಯಲ್ಲಿ ಬೆಂಗಳೂರು ಉಂಡಿತು. ಕೊಳವೆಬಾವಿಗಳು ಬತ್ತಿ ನಗರದಲ್ಲಿ ಹಾಹಾಕಾರವೆದ್ದಾಗ ಟ್ಯಾಂಕರುಗಳವರು ಬಾಯಿಗೆ ಬಂದ ಬೆಲೆ ಕೇಳಿದರು. ಆಗ ಸರಕಾರ ಟ್ಯಾಂಕರುಗಳೆಲ್ಲ ನೋಂದಾಯಿಸಿಕೊಳ್ಳಬೇಕೆಂದು ಗಡುವು ಕೊಟ್ಟಿತು. ಬೆಂಗಳೂರು ನಗರ ಜಿಲ್ಲಾಧಿಕಾರಿಗಳು ದರ ಗೊತ್ತುಮಾಡಿದರು: 5 ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ. ವರ್ಷಗಟ್ಟಲೆ ರಾಜಾರೋಷವಾಗಿ ನಡೆದ ವ್ಯಾಪಾರಕ್ಕೆ ಲೆಕ್ಕವೇ ಇರಲಿಲ್ಲವೆಂಬುದು ಬಾಯಿ ಒಣಗಿದ ಮೇಲೆ ಎಲ್ಲರಿಗೂ ಹೊಳೆಯಿತು. ಗಮನಿಸಬೇಕಾದದ್ದು ಇನ್ನೊಂದಿದೆ. ಬೆಂಗಳೂರು ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲೇ ಮುಗಿದಿತ್ತು, ಚುನಾವಣೆ ನಡೆದಿರಲಿಲ್ಲ. ಕೋಟಿಗೂ ಮೀರಿ ಜನರಿರುವ ನಗರ ನೀರಿಗಾಗಿ ಒದ್ದಾಡುತ್ತಿದ್ದಾಗ ಅಲ್ಲಿ ಬೈಯಲಿಕ್ಕೂ ಒಬ್ಬ ಕಾರ್ಪೊರೇಟರು ಇರಲಿಲ್ಲ. ಖಾಲಿ ಕೊಡದ ಠರಾವು ಮಾಡುವ ಭಾಗ್ಯವೂ ಆ ನಗರಕ್ಕೆ ಸಿಗಲಿಲ್ಲ.

ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಕತೆಯೂ ಬೇರೆಯಲ್ಲ. 2019ರ ಮಾರ್ಚಿನಲ್ಲಿ ಇವುಗಳ ಪಾಲಿಕೆ ಸದಸ್ಯರ ಅವಧಿ ಮುಗಿಯಿತು. ಮತದಾನ ನಡೆದದ್ದು 2021ರ ಸೆಪ್ಟೆಂಬರ್ 3ರಂದು. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಯಬೇಕೆಂದು ಸಂವಿಧಾನವೇ ಹೇಳಿದೆ, ಸುಪ್ರೀಂ ಕೋರ್ಟು 2006ರಲ್ಲಿ ಅದನ್ನು ಒತ್ತಿ ಹೇಳಿದೆ. ಸದಸ್ಯರಿಲ್ಲದ ಆ ಎರಡೂವರೆ ವರ್ಷ ನೀರಿನ ದೊಡ್ಡ ಯೋಜನೆಯೇನೂ ನಿಲ್ಲಲಿಲ್ಲ, ತನ್ನ ಪಾಡಿಗೆ ತಾನು ಸಾಗಿತು. ಜನಪ್ರತಿನಿಧಿಗಳಿಲ್ಲದೆಯೂ ನಡೆಯುವ ಯೋಜನೆಗೆ ಜನಪ್ರತಿನಿಧಿಗಳು ಬಂದ ಮೇಲೆ ಎಷ್ಟು ಬೆಲೆ ಕೊಟ್ಟಾರು?

ಈಗ ಎದುರು ಪಕ್ಷದವರ ಮಾತು ಕೇಳೋಣ. ಅವರ ಮಾತಿನಲ್ಲಿ ಸತ್ಯವಿದೆ, ಅದನ್ನು ಮುಚ್ಚಿಟ್ಟು ವಾದ ಗೆಲ್ಲುವ ಇಚ್ಛೆ ನನಗಿಲ್ಲ. ವಿಶ್ವಬ್ಯಾಂಕ್ 2004ರಲ್ಲಿ ಸಾಲ ಮಂಜೂರು ಮಾಡಿದ ಯೋಜನೆಯಿಂದ ಈ ಮೂರೂ ನಗರಗಳ ಆಯ್ದ ಪ್ರದೇಶಗಳಲ್ಲಿ 2008ರ ಹೊತ್ತಿಗೆ ದಿನದ 24 ತಾಸೂ ನಳದಲ್ಲಿ ನೀರು ಬರತೊಡಗಿತು. ನಡೆಸಿದ್ದು ಫ್ರಾನ್ಸ್ ಮೂಲದ ಒಂದು ಕಂಪನಿ. ಅಲ್ಲಿಯ ಹೆಂಗಸರು ರಾತ್ರಿ ಎರಡು ಗಂಟೆಗೆ ಎದ್ದು ಪಾಳಿ ಹಚ್ಚುವುದು ತಪ್ಪಿತು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಹುಬ್ಬಳ್ಳಿ-ಧಾರವಾಡದಲ್ಲಿ ಅಭ್ಯಾಸ ಮಾಡಿ, ಬಿಟ್ಟು ಬಿಟ್ಟು ಬರುವ ನೀರಿಗಿಂತ ಸತತವಾಗಿ ಬರುವ ನೀರು ಹೆಚ್ಚು ಶುದ್ಧವಾಗಿರುವುದನ್ನು 2013ರಲ್ಲಿ ಪ್ರಕಟಿಸಿದರು. ಕಾರಣ ಸುಲಭ. ಕೊಳವೆ ಖಾಲಿಯಿದ್ದಾಗ ಸುತ್ತಲಿನ ಕೊಳೆ ಸೀಳುಗಳ ಮೂಲಕ ಒಳಗೆ ಜಿನುಗುತ್ತದೆ. ತುಂಬಿದ ಕೊಳವೆಯ ಒತ್ತಡ ಅದನ್ನು ಹೊರಗೇ ತಡೆಯುತ್ತದೆ. ‘ನೋಡಿದಿರಾ, ಪಾಲಿಕೆಯ ಕೈಯಿಂದ ತೆಗೆದುಕೊಂಡಾಗಲೇ ನೀರು ಬಂತು’ ಎನ್ನುತ್ತಾರೆ ಅವರು.

ನೀರು ಬಂದದ್ದು ನಿಜ. ಆದರೆ ಯಾಕೆ ಬಂತು? ಹೊಸ ಕೊಳವೆ ಹಾಕಿದರು, ಮನೆಮನೆಗೆ ಮೀಟರು ಕೂಡಿಸಿದರು, ಸೋರಿಕೆ ಹುಡುಕಿ ಮುಚ್ಚಿದರು, ಅದಕ್ಕೆಲ್ಲ ಬೇಕಾದ ಹಣ ಕೈಯಲ್ಲಿತ್ತು. ಇದರಲ್ಲಿ ಮತದಾರನನ್ನು ಹೊರಗಿಟ್ಟರೆ ಮಾತ್ರ ಆಗುವಂಥ ಕೆಲಸ ಯಾವುದು? ಅಷ್ಟೇ ಹಣ, ಅಂಥವೇ ಎಂಜಿನಿಯರುಗಳನ್ನು ಕೊಟ್ಟು ಪಾಲಿಕೆ ಸೋತಿದ್ದರೆ ಆ ಮಾತು ಒಪ್ಪಬಹುದಿತ್ತು. ಹುಬ್ಬಳ್ಳಿ-ಧಾರವಾಡದ ಅಂದಿನ 67 ವಾರ್ಡುಗಳಲ್ಲಿ ಈ ಭಾಗ್ಯ ಕಂಡದ್ದು 8 ವಾರ್ಡು. ಉಳಿದವರಿಗೆ ಐದು ದಿನಕ್ಕೊಮ್ಮೆ, ಎಂಟು ದಿನಕ್ಕೊಮ್ಮೆ. ಇಡೀ ನಗರಕ್ಕೆ ವಿಸ್ತರಿಸುವ ಯೋಜನೆಗೆ ವಿಶ್ವಬ್ಯಾಂಕಿನ ಮುಂದಿನ ಸಾಲ ಮಂಜೂರಾದದ್ದು 2016ರಲ್ಲಿ. ಒಂದೇ ಊರಿನಲ್ಲಿ ರಸ್ತೆಯ ಈಚೆಗೆ ಹಗಲಿರುಳು ನೀರು, ಆಚೆಗೆ ಡ್ರಮ್ಮುಗಳ ಸಾಲು. ಈ ತಾರತಮ್ಯದ ಬಗ್ಗೆ ಆಚೆಯವರು ಯಾರನ್ನು ಕೇಳಬೇಕಿತ್ತು? ಕಾರ್ಪೊರೇಟರು ಮಂಡಳಿಯತ್ತ ತೋರಿಸುತ್ತಾನೆ, ಮಂಡಳಿ ಸರಕಾರದತ್ತ ತೋರಿಸುತ್ತದೆ, ಸರಕಾರ ಸಾಲ ಕೊಟ್ಟವರ ಷರತ್ತು ತೋರಿಸುತ್ತದೆ. ಆ ಸಾಲ ಕೊಟ್ಟವರಿಗೆ ನಾವು ಮತ ಹಾಕಿಲ್ಲ.

ಊರಿನವರ ತಪ್ಪನ್ನೂ ಹೇಳಲೇಬೇಕು. ನೀರಿನ ಕರ ಏರಿಸುವ ಮಾತು ಬಂದರೆ ನಮ್ಮ ಸದಸ್ಯರಿಗೆ ಜ್ವರ ಬರುತ್ತದೆ. ಕಳ್ಳ ನಳಗಳು ಯಾರ ಓಣಿಯಲ್ಲಿವೆ ಎಂದು ಅವರಿಗೆ ಗೊತ್ತಿರುತ್ತದೆ, ಏಕೆಂದರೆ ಅವು ಅವರ ಮತದಾರರ ಮನೆಗಳಲ್ಲಿರುತ್ತವೆ. ವಾಲ್ವು ತಿರುಗಿಸುವವನಿಗೆ ಫೋನು ಮಾಡಿ ತಮ್ಮ ಓಣಿಗೆ ಅರ್ಧ ತಾಸು ಹೆಚ್ಚು ನೀರು ಬಿಡಿಸುವುದನ್ನೇ ಅವರು ಜನಸೇವೆ ಎಂದು ತಿಳಿದಿದ್ದಾರೆ. ಆಯುಕ್ತರು ಸರಕಾರ ಕಳಿಸಿದ ಅಧಿಕಾರಿ. ಮೇಯರಿಗೆ ಕಾಯಿದೆ ಕೊಟ್ಟದ್ದು ಒಂದೇ ವರ್ಷ. ಆ ವರ್ಷ ಹಾರ ಹಾಕಿಸಿಕೊಳ್ಳುವುದರಲ್ಲಿ ಆರು ತಿಂಗಳು, ಬೀಳ್ಕೊಡುಗೆಯಲ್ಲಿ ಮೂರು ತಿಂಗಳು ಹೋಗುತ್ತವೆ. ಹೀಗಿರುವಾಗ ನೀರಿನ ಅಧಿಕಾರ ತಮಗೆ ಬರಲಿ ಎಂದು ಪ್ರಾಮಾಣಿಕವಾಗಿ ಬಯಸುವ ಸದಸ್ಯರು ಎಷ್ಟು ಮಂದಿ ಇದ್ದಾರೆಂಬ ಸಂಶಯ ನನಗಿದೆ. ಅಧಿಕಾರ ಬಂದರೆ ಉತ್ತರ ಹೇಳಬೇಕಾಗುತ್ತದೆ. ಠರಾವು ಮಾಡುತ್ತಿದ್ದರೆ ಪ್ರಶ್ನೆ ಕೇಳುವವರ ಸಾಲಿನಲ್ಲೇ ತಾವೂ ನಿಂತಿರಬಹುದು. ನಮ್ಮ ನಗರಗಳ ನಿಲುವು ಎಂಬುದರ ಗುಟ್ಟು ಇದೇ. ಸರಕಾರ ಅಧಿಕಾರ ಬಿಡುವುದಿಲ್ಲ, ನಗರ ಅದನ್ನು ಬೇಕೆಂದು ಹಟ ಹಿಡಿಯುವುದಿಲ್ಲ, ಇಬ್ಬರೂ ಒಬ್ಬರನ್ನೊಬ್ಬರು ಬೈಯುತ್ತ ಸುಖವಾಗಿದ್ದಾರೆ.

ಹಾಗಾದರೆ ಏನು ಮಾಡಬೇಕು? ಅಣೆಕಟ್ಟು, ದೊಡ್ಡ ಕೊಳವೆ ರಾಜ್ಯದ ಬಳಿಯೇ ಇರಲಿ. ಊರ ಟಾಕಿಯಿಂದ ಮನೆಯ ನಳದವರೆಗಿನ ಜವಾಬ್ದಾರಿ, ಅದಕ್ಕೆ ಬೇಕಾದ ನೌಕರರು, ಹಣ, ದರ ಗೊತ್ತುಮಾಡುವ ಅಧಿಕಾರ ಒಟ್ಟಾಗಿ ಊರಿನ ಸಭೆಗೆ ಬರಲಿ. ಅಧಿಕಾರ ಬಿಟ್ಟು ಹೊಣೆ ಮಾತ್ರ ಕೊಡುವುದು ಬೇಡ. ಮೈಸೂರಿನಲ್ಲಿ ವಾಣಿವಿಲಾಸ ನೀರು ಸರಬರಾಜು ಕೇಂದ್ರ ಪಾಲಿಕೆಯ ಅಂಗವಾಗಿಯೇ ನಡೆದುಬಂದಿದೆ. ಅಲ್ಲಿಯೂ ದೂರುಗಳಿವೆ, ಆದರೆ ದೂರು ಕೊಡುವ ಬಾಗಿಲು ಊರಿನಲ್ಲೇ ಇದೆ. ಕಂಪನಿಗೆ ಗುತ್ತಿಗೆ ಕೊಡಬೇಕೆಂದಿದ್ದರೆ ಆ ಕರಾರು ಕನ್ನಡದಲ್ಲಿ ಅಚ್ಚಾಗಿ ಚುನಾಯಿತ ಸಭೆಯ ಮುಂದೆ ಬರಲಿ, ಸಭೆ ಬೇಡವೆಂದರೆ ಬಿದ್ದುಹೋಗಲಿ. ಯಾವ ವಾರ್ಡಿಗೆ ಎಷ್ಟು ದಿನಕ್ಕೊಮ್ಮೆ, ಎಷ್ಟು ತಾಸು ನೀರು ಬಿಟ್ಟರೆಂದು ತಿಂಗಳಿಗೊಮ್ಮೆ ವಾರ್ಡಿನ ಕಟ್ಟೆಯ ಮೇಲೆ ಬರೆದು ಹಾಕಲಿ.

ಪರವಾನಗಿಯನ್ನು ಸ್ವಲ್ಪ ತಿರುಗಿಸಿ ಹಿಡಿಯಲಿ. ರೊಟ್ಟಿ ಅಂಗಡಿ, ಚಹಾ ಅಂಗಡಿಗಳಿಗೆ ಒಂದು ಸಾದಾ ನೋಂದಣಿ ಸಾಕು. ನೀರು ಮಾರುವ ಟ್ಯಾಂಕರಿಗೆ ಊರಿನ ಪರವಾನಗಿ ಕಡ್ಡಾಯವಾಗಲಿ: ನೀರು ಎಲ್ಲಿಂದ ತಂದೆ, ಪರೀಕ್ಷೆ ಮಾಡಿಸಿದೆಯಾ, ಎಷ್ಟಕ್ಕೆ ಮಾರುತ್ತೀ ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿಲ್ಲದವನು ಗಾಡಿ ಹೊರಡಿಸಬಾರದು. ಜನರನ್ನು ಒಳಗೆ ಕೂಡಿಸಿಕೊಳ್ಳುವುದಕ್ಕೆ ದೇಶದಲ್ಲಿ ಮಾದರಿಯೂ ಇದೆ. 2014ರ ಬೀದಿ ವ್ಯಾಪಾರಿಗಳ ಕಾಯಿದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳ ಪ್ರತಿನಿಧಿಗಳೇ ಇರಬೇಕು, ಅವರಲ್ಲಿ ಮೂರನೆಯ ಒಂದು ಭಾಗ ಹೆಂಗಸರು. ತಳ್ಳುಗಾಡಿಯವನಿಗೆ ಅವನ ಜಾಗದ ಬಗ್ಗೆ ಮಾತಾಡಲು ಕಾಯಿದೆ ಒಂದು ಕುರ್ಚಿ ಕೊಟ್ಟಿದೆ. ನೀರು ಹೊರುವ ಹೆಂಗಸಿಗೆ ನೀರಿನ ಬಗ್ಗೆ ಮಾತಾಡಲು ಅಂಥ ಒಂದು ಕುರ್ಚಿಯಾದರೂ ಬೇಡವೇ?

ಈ ಕೆಲಸಕ್ಕೆ ಸಂವಿಧಾನ ತಿದ್ದಬೇಕಾಗಿಲ್ಲ. ಆ ‘ಬಹುದು’ ಎಂಬ ಪದ ಬೇಡವೆನ್ನುವುದಕ್ಕೂ ಅವಕಾಶ ಕೊಡುತ್ತದೆ, ಕೊಟ್ಟೇವೆನ್ನುವುದಕ್ಕೂ ಕೊಡುತ್ತದೆ. ನಮ್ಮ ವಿಧಾನಸಭೆಯೇ ಒಂದು ಅಧಿವೇಶನದಲ್ಲಿ ಮುಗಿಸಬಹುದಾದ ಕೆಲಸ. ಆದರೆ ನಗರಗಳು ಕೇಳದೆ ಅದು ಮಾಡುವುದಿಲ್ಲ, ಮತದಾರರು ಕೇಳದೆ ನಗರಗಳು ಕೇಳುವುದಿಲ್ಲ. ವಾರ್ಡಿನ ಚುನಾವಣೆಗೆ ಕೈಮುಗಿದು ಬರುವ ಅಭ್ಯರ್ಥಿಯನ್ನು ನೀರು ಕೊಡುತ್ತೀಯಾ ಎಂದು ಕೇಳಬೇಡಿ. ಕೊಡುತ್ತೇನೆ ಎಂದೇ ಹೇಳುತ್ತಾನೆ. ನೀರಿನ ಅಧಿಕಾರ ನಿನ್ನ ಸಭೆಗೆ ಬೇಕೋ ಬೇಡವೋ, ಬೇಕಿದ್ದರೆ ಅದರ ದರವನ್ನೂ ದೂರನ್ನೂ ಹೊರುತ್ತೀಯೋ ಇಲ್ಲವೋ ಎಂದು ಕೇಳಿ. ಹೊರುತ್ತೇನೆ ಎಂದವನಿಗೆ ಪಕ್ಷ ನೋಡದೆ ಮತ ಹಾಕಿ. ಸರಕಾರವನ್ನು ಒತ್ತಾಯಿಸುತ್ತೇನೆ ಎಂದವನಿಗೆ ಒಂದು ಲೋಟ ನೀರು ಕೊಟ್ಟು, ಅದು ಮನೆಯಲ್ಲಿ ಇದ್ದರೆ, ಮುಂದಿನ ಮನೆಗೆ ಕಳಿಸಿ.